ನಾಯಕ ಬಾಯಿ ಬಿಡಬೇಕು

ಮುಖದ ಮೇಲೆ ಬಿಸಿ ಟವಲು ಬಿದ್ದಾಗ ಯಾವ ಗಂಡಸೂ ಗುಟ್ಟು ಉಳಿಸಿಕೊಳ್ಳಲಾರ. ನುಕಗಾ ಸದಾಹಿರೊ ಕೂಡ ಉಳಿಸಿಕೊಳ್ಳಲಿಲ್ಲ. ಮಿಹಾರಾದ ಹಾಮಾಕಾಜೆ ಬೀದಿಯ ಕ್ಷೌರದಂಗಡಿಯಲ್ಲಿ, ಕುರ್ಚಿಯ ಬೆನ್ನು ಹಿಂದಕ್ಕೆ ವಾಲಿ, ಟವಲಿನಡಿ ಗಲ್ಲ ಮೆತ್ತಗಾಗುತ್ತಿದ್ದಾಗ, "ಮಧ್ಯಾಹ್ನ ಟೋಕಿಯೋದಿಂದ ಒಬ್ಬರು ಬರ್ತಿದಾರೆ. ನನ್ನ ಆಟವನ್ನ ಟಿವಿಗೆ ಅನಿಮೆ ಕಾರ್ಟೂನು ಮಾಡೋಕಾಗುತ್ತಾ ನೋಡೋಕೆ," ಎಂದುಬಿಟ್ಟ.

ಕ್ಷೌರಿಕ ತೊಕಿತಾನ ಕೈ ನಿಂತಿತು. "ಯಾವ ಆಟ? ನಿನ್ನ ಹಾಸಿಗೆ ಅಂಗಡೀಲಿ ಗಿರಾಕಿ ಇಲ್ದಾಗ ಕಂಪ್ಯೂಟರ್ ಕುಟ್ತಾ ಕೂತಿರ್ತಿದ್ಯಲ್ಲ, ಅದಾ?"

"ಅದೇ. ವಿಷುಯಲ್ ನಾವೆಲ್ಲು. ಚಿತ್ರ ಇರುತ್ತೆ, ಕೆಳಗೆ ಕತೆ ಬರ್ತಾ ಹೋಗುತ್ತೆ. ಮುಂದೇನು ಮಾಡ್ಬೇಕು ಅಂತ ಓದೋರೇ ಆರಿಸ್ಕೋಬೇಕು, ಆರಿಸಿದ ಹಾಗೆ ಕತೆ ತಿರುಗುತ್ತೆ. ಯಾರಿಗೂ ಹೇಳ್ಬೇಡಿ, ತೊಕಿತಾ-ಸಾನ್."

"ನಾನ್ಯಾಕಪ್ಪಾ ಹೇಳ್ಲಿ?" ಎಂದ ತೊಕಿತಾ, ಎಡಗೆನ್ನೆಯನ್ನಷ್ಟೇ ಬೋಳಿಸಿ, ಹೊಸ ಬ್ಲೇಡು ತರುವ ನೆಪದಲ್ಲಿ ಹೊರಗೆ ಹೋದ. ಅವನು ಮರಳುವಷ್ಟರಲ್ಲಿ ಬಲಗೆನ್ನೆಯ ನೊರೆ ಒಣಗಿತ್ತು, ಬೀದಿಯ ಎರಡೂ ಬದಿಯ ಅಂಗಡಿಗಳಿಗೆ ಸುದ್ದಿ ಹಸಿಹಸಿಯಾಗಿ ತಲುಪಿತ್ತು.

ಅನಿಮೆಯಲ್ಲಿ ಕಂಡ ಸೇತುವೆ, ಕಂಡ ಮೆಟ್ಟಿಲು ಹುಡುಕಿಕೊಂಡು ರೈಲು ಹತ್ತಿ ಬರುವ ಅಭಿಮಾನಿಗಳು ಎಷ್ಟು ಸತ್ತ ಬೀದಿಗಳನ್ನು ಎಬ್ಬಿಸಿ ಕೂರಿಸಿದ್ದಾರೆ ಎಂಬುದು ವರ್ತಕರ ಸಂಘದ ಅಧ್ಯಕ್ಷ ಕಜಿತಾನಿಗೆ ಬಾಯಿಪಾಠವಾಗಿತ್ತು. ಆತನದು ಆಕ್ಟೋಪಸ್ಸನ್ನು ಒತ್ತಿ ಹಪ್ಪಳ ಮಾಡುವ ಅಂಗಡಿ. ಮಧ್ಯಾಹ್ನದೊಳಗೆ ಬೀದಿಯ ಬಾಯಿಗೆ "ಅನಿಮೆಯ ಪುಣ್ಯಕ್ಷೇತ್ರಕ್ಕೆ ಸ್ವಾಗತ" ಎಂಬ ಬಟ್ಟೆ ಏರಿತು. ಹಿಂದೊಮ್ಮೆ ಬೇಸ್‌ಬಾಲ್ ತಂಡಕ್ಕೆ ಕಟ್ಟಿದ್ದ ಬಟ್ಟೆಯೇ ಅದು, ಹಿಂಬದಿ ತಿರುಗಿಸಿ ಬರೆದಿದ್ದರು ಅಷ್ಟೆ.

"ಇನ್ನೂ ಏನೂ ಆಗಿಲ್ಲ, ಕಜಿತಾನಿ-ಸಾನ್!" ನುಕಗಾ ಕೈಜೋಡಿಸಿದ.

"ಆಗೋಕೆ ಮುಂಚೆ ಕಟ್ಟಿದ್ರೇನೇ ಕಣಯ್ಯಾ ಆಗೋದು. ಅದಿರ್ಲಿ, ನಿನ್ನ ಆಟದಲ್ಲಿ ಹಪ್ಪಳದ ಅಂಗಡಿ ಹುಡುಗಿ ಇದಾಳಂತಲ್ಲ? ನಮ್ಮ ಮಗಳು ತಾನೆ?"

ಇದ್ದಳು. ನುಕಗಾನ ಕತೆಯಲ್ಲಿ ಮೂರು ಹುಡುಗಿಯರು: ಹಪ್ಪಳದಂಗಡಿಯವಳು, ಸಾರ್ವಜನಿಕ ಸ್ನಾನಗೃಹದವಳು, ಕೊಡೆ ರಿಪೇರಿಯವಳು. ಬೀದಿಗೆ ಹೊಸದಾಗಿ ಬಂದ ನಾಯಕ ಯಾರ ಕೈಹಿಡಿಯುತ್ತಾನೆ ಎಂಬುದು ಓದುವವರ ಆಯ್ಕೆಗೆ ಬಿಟ್ಟದ್ದು. ಸ್ನಾನಗೃಹದ ಒಡತಿ ಉಮೆಯೊ ಅಜ್ಜಿಯೂ ಸುಮ್ಮನಿರಲಿಲ್ಲ. "ಆ ಹತ್ತೊಂಬತ್ತರ ಚೆಲುವೆ ನಾನೇ. ನನ್ನ ಕತೇನೆಲ್ಲ ಕದ್ದು ಕೇಳಿ ಬರೆದವನು ಇವನು," ಎಂದು ತುಟಿಗೆ ಬಣ್ಣ ಬಳಿದುಕೊಂಡು ಬಂದಳು. ಅದು ನಿಜವೂ ಆಗಿತ್ತು.

ಕೊಡೆ ರಿಪೇರಿಯ ಇಸೊಬೆ ಫುಮಿನೊ ಮಾತ್ರ ತನ್ನ ಅಂಗಡಿ ಬಿಟ್ಟು ಬರಲಿಲ್ಲ.

ಟೋಕಿಯೋದ ನಿರ್ಮಾಪಕಿ ಹಿಶಿನುಮಾ ಇನ್ನೂ ಚಿಕ್ಕ ವಯಸ್ಸಿನವಳು. ನಿದ್ದೆಗೆಟ್ಟ ಕಣ್ಣು, ಮೊಣಕಾಲಿಗೆ ಬಡಿಯುವ ಭಾರದ ಚೀಲ. ಕಾಫಿ ಅಂಗಡಿಯ ಮೂಲೆಯ ಮೇಜಿನಲ್ಲಿ ಇಬ್ಬರೂ ಕೂತಾಗ ಸುತ್ತಲಿನ ಮೇಜುಗಳೆಲ್ಲ ತುಂಬಿದ್ದವು. ಎಲ್ಲರ ಮುಖಕ್ಕೂ ವೃತ್ತಪತ್ರಿಕೆ ಅಡ್ಡವಿತ್ತು. ಒಬ್ಬರೂ ಹಾಳೆ ತಿರುವುತ್ತಿರಲಿಲ್ಲ.

"ನೇರವಾಗಿ ಹೇಳ್ತೀನಿ," ಎಂದಳು ಹಿಶಿನುಮಾ. "ಆಟದಲ್ಲಿ ಮೂರು ದಾರಿ. ಟಿವಿಗೆ ಒಂದೇ ದಾರಿ. ನಮ್ಮ ಆಫೀಸಲ್ಲಿ ಇದನ್ನ ಸರಣಿ ಮಾಡೋಕಾಗಲ್ಲ ಅಂತಾರೆ. ಆಗುತ್ತೆ ಅನ್ನೋಳು ನಾನೊಬ್ಬಳೇ. ಕೊಡೆ ಹುಡುಗಿಯ ದಾರಿ ಹಿಡಿದ್ರೆ."

ಒಂದು ಪತ್ರಿಕೆಯ ಹಿಂದಿನಿಂದ ಉಮೆಯೊ ಅಜ್ಜಿಯ ನಿಟ್ಟುಸಿರು ಕೇಳಿಸಿತು.

"ರೈಲಲ್ಲಿ ಓದ್ತಾ ಅತ್ತುಬಿಟ್ಟೆ, ನುಕಗಾ-ಸಾನ್. ಪಕ್ಕದವರು ಕರ್ಚೀಫು ಕೊಟ್ರು. ಆದ್ರೆ ಆ ಹುಡುಗಿ ಸಿಗಬೇಕಾದ್ರೆ ಪ್ರತೀ ಸಲವೂ 'ಏನೂ ಹೇಳದಿರು' ಅನ್ನೋದನ್ನೇ ಆರಿಸ್ಬೇಕು. ಆಟದಲ್ಲಿ ಅದು ಚೆಂದ. ಒತ್ತೋದು ನಮ್ಮ ಬೆರಳು, ಹೊಡ್ಕೊಳ್ಳೋದು ನಮ್ಮ ಎದೆ. ಟಿವೀಲಿ ಒಬ್ಬ ಗಂಡಸು ಹನ್ನೆರಡು ಕಂತು ಸುಮ್ಮನೆ ನಿಂತಿದ್ರೆ ಜನ ಟಿವಿ ಕೆಟ್ಟಿದೆ ಅಂದ್ಕೋತಾರೆ."

"ಹೌದು," ಎಂದ ನುಕಗಾ ತಲೆತಗ್ಗಿಸಿ.

"ಕೊನೇ ಕಂತಲ್ಲಿ ನಾಯಕ ಬಾಯಿ ಬಿಡಬೇಕು. ಒಂದೇ ಒಂದು ಮಾತು ಸಾಕು. ನಾಳೆ ಸಭೆ ಇದೆ. ಸಂಜೆ ರೈಲಿಗೆ ಮುಂಚೆ ಆ ಮಾತು ಕೊಡಿ, ಸರಣಿ ಮಾಡಿಸೋ ಜವಾಬ್ದಾರಿ ನಂದು. ಇಲ್ದಿದ್ರೆ ಆಗಲ್ಲ."

ಅವಳು ನುಕಗಾನ ಮುಂದೆ ಒಂದು ಖಾಲಿ ಹಾಳೆ ಇಟ್ಟಳು. ಕೊಡೆ ಹುಡುಗಿ ಯಾರೆಂದು ಇಡೀ ಬೀದಿಗೆ ಗೊತ್ತಿತ್ತು. ಆ ಒಂದು ಮಾತನ್ನು ಫುಮಿನೊಗೆ ಹೇಳಲಾಗದೆ ತಾನೇ ಅವನು ಇಡೀ ಆಟ ಬರೆದದ್ದು? ಬರೆಯುವಾಗಲೂ ಅದನ್ನು ಹಾಕುವ ಧೈರ್ಯ ಬಾರದೆ, ಸುಮ್ಮನಿರುವುದನ್ನೇ ಗೆಲ್ಲುವ ದಾರಿ ಮಾಡಿದ್ದ.

ಅಷ್ಟರಲ್ಲಿ ಪತ್ರಿಕೆಗಳೆಲ್ಲ ಒಟ್ಟಿಗೆ ಕೆಳಗಿಳಿದವು.

"ಅಷ್ಟೇ ತಾನೆ?" ತೊಕಿತಾ ಕುರ್ಚಿ ಎಳೆದುಕೊಂಡು ಬಂದ. "ಬರ್ಕೊಳಮ್ಮಾ: 'ನೀನಿಲ್ದೆ ನನ್ನ ಬಾಳು ಹಲ್ಲುದುರಿದ ಬಾಚಣಿಗೆ.'"

"ಅಯ್ಯೋ, ಅವಳೇನು ಹೇನು ಹುಡುಕ್ತಾಳಾ?" ಉಮೆಯೊ ಅಜ್ಜಿ ಅವನನ್ನು ಪಕ್ಕಕ್ಕೆ ತಳ್ಳಿದಳು. "ನಮ್ಮ ಯಜಮಾನ್ರು 'ಬಿಸಿನೀರು ಚೆನ್ನಾಗಿದೆ' ಅಂದ್ರು, ಅಷ್ಟೇ. ನಾನು ಮದುವೆಯಾದೆ."

"'ನಿನ್ನ ಜೊತೆ ಹಪ್ಪಳ ತಿಂತಾ ಮುದುಕನಾಗ್ಬೇಕು.' ಇಲ್ಲಿ ಹಪ್ಪಳದ ಪೊಟ್ಟಣ ತೋರಿಸ್ಬಹುದು," ಎಂದ ಅಧ್ಯಕ್ಷ.

ಹಿಶಿನುಮಾ ಪ್ರತಿಯೊಂದಕ್ಕೂ ವಿನಯದಿಂದ ತಲೆಬಾಗಿದಳು. ಹೊತ್ತು ಇಳಿಯಿತು. ನುಕಗಾನ ಮುಂದಿನ ಹಾಳೆ ಹಾಸಿಗೆಯಂಗಡಿಯ ಹೊಸ ದುಪ್ಪಟಿಯಂತೆ ಬೆಳ್ಳಗೆ ಉಳಿಯಿತು.

"ಬರೆಯೋಕಾಗದಿದ್ರೆ ಆಡಿ ನೋಡಿ," ಎಂದಳು ಹಿಶಿನುಮಾ ಗಡಿಯಾರ ನೋಡಿ. "ಎದುರಿಗೆ ಯಾರಾದ್ರೂ ನಿಂತ್ರೆ ಮಾತು ತಾನಾಗಿ ಬರುತ್ತೆ. ಕೊಡೆ ಹುಡುಗಿಯ ಪಾತ್ರಕ್ಕೆ ಯಾರಾದ್ರೂ..."

ಅವಳು ಮುಗಿಸುವ ಮುನ್ನವೇ ನುಕಗಾನ ಪಾದಗಳು ನೆಲ ಬಿಟ್ಟಿದ್ದವು. ಬೀದಿ ಅವನನ್ನು ಹಬ್ಬದ ಪಲ್ಲಕ್ಕಿಯ ಹಾಗೆ ಹೊತ್ತುಕೊಂಡು ಕೊಡೆಯಂಗಡಿಯ ಮುಂದೆ ಇಳಿಸಿತು.

ಫುಮಿನೊ ಸೂಜಿ ಹಿಡಿದೇ ತಲೆಯೆತ್ತಿದಳು. ಅವಳ ತೊಡೆಯ ಮೇಲಿದ್ದದ್ದು ನುಕಗಾನದೇ ಕಪ್ಪು ಕೊಡೆ.

"ಫುಮಿನೊ-ಚಾನ್, ಒಂದು ಸಣ್ಣ ಅಭ್ಯಾಸ," ಎಂದ ಕಜಿತಾನಿ. "ನೀನು ನಾಯಕಿ, ಇವನು ನಾಯಕ. ಇವನೇನೋ ಹೇಳ್ತಾನೆ, ನಿಂಗೆ ತೋಚಿದ ಉತ್ತರ ಕೊಡು. ನಮ್ಮ ಬೀದಿಯ ಭವಿಷ್ಯ ನಿನ್ನ ಕೈಲಿದೆ. ಹೆದರ್ಕೋಬೇಡ."

"ಅಭ್ಯಾಸ ತಾನೆ?" ಎಂದಳು ಫುಮಿನೊ. ಸೂಜಿಯನ್ನು ಅಂಗಿಯ ತೋಳಿಗೆ ಚುಚ್ಚಿಕೊಂಡು ಎದ್ದು ನಿಂತಳು.

ನುಕಗಾ ನಿಂತ. ದೂರದಲ್ಲಿ ದ್ವೀಪಕ್ಕೆ ಹೋಗುವ ದೋಣಿ ಸೀಟಿ ಹಾಕಿತು. ಅವನ ಬಾಯಿ ದಡಕ್ಕೆ ಬಿದ್ದ ಮೀನಿನಂತೆ ತೆರೆಯಿತು, ಮುಚ್ಚಿತು. ತೊಕಿತಾ ಹಿಂದಿನಿಂದ "ಬಾಚಣಿಗೆ, ಬಾಚಣಿಗೆ" ಎಂದು ಪಿಸುಗುಟ್ಟಿದ. ಆ ಬಾಚಣಿಗೆಯಿಂದ ಪಾರಾಗಲೆಂದೇ ಇರಬೇಕು, ನುಕಗಾ ಮಾತನಾಡಿದ.

"ನಮ್ಮೂರಲ್ಲಿ ಮಳೆ ಬರೋದೇ ಅಪರೂಪ," ಎಂದ ಅವನು. "ಆದ್ರೂ ನನ್ನ ಕೊಡೆ ತಿಂಗಳು ತಿಂಗಳು ಮುರಿಯುತ್ತೆ. ಗಾಳಿಗೆ ಅಂತ ಹೇಳ್ತಿದ್ದೆ. ಗಾಳಿಗಲ್ಲ. ಪ್ರತೀ ಸಲವೂ ನಾನೇ ಮೊಣಕಾಲಿಗೆ ಒತ್ತಿ ಮುರೀತಿದ್ದೆ. ಇಲ್ಲಿಗೆ ಬರೋಕೆ ನಂಗೆ ಬೇರೆ ದಾರಿ ಗೊತ್ತಿರ್ಲಿಲ್ಲ."

ಫುಮಿನೊ ಕೈಯಲ್ಲಿದ್ದ ಕೊಡೆಯನ್ನು ನೋಡಿದಳು.

"ಗೊತ್ತಿತ್ತು," ಎಂದಳು ಮೆಲ್ಲಗೆ. "ಅದಕ್ಕೇ ನಾನೂ ಸಡಿಲವಾಗಿ ಹೊಲಿದು ಕೊಡ್ತಿದ್ದೆ."

ಉಮೆಯೊ ಅಜ್ಜಿಯ ತುಟಿಬಣ್ಣ ಕಣ್ಣೀರಿಗೆ ಗದ್ದದವರೆಗೆ ಇಳಿಯಿತು. ತೊಕಿತಾ ತನ್ನ ಏಪ್ರನ್ನಿನಲ್ಲಿ ಮೂಗು ಒರೆಸಿಕೊಂಡ. ಹಿಶಿನುಮಾ ಕಣ್ಣೀರು ತಡೆಯದೆ ಚಪ್ಪಾಳೆ ತಟ್ಟಿದಳು. "ಆಯ್ತು! ಇದೇ ಕೊನೇ ಕಂತು! ಸರಣಿ ಆಗುತ್ತೆ, ನುಕಗಾ-ಸಾನ್, ಆಗೇ ಆಗುತ್ತೆ! ಆ ಉತ್ತರವೂ ಹಾಗೇ ಇರಲಿ, ಇಸೊಬೆ-ಸಾನ್ ಒಪ್ಪಿದ್ರೆ."

ಫುಮಿನೊ ತಲೆಯಾಡಿಸಿದಳು. ಜನ ಕೈಯೆತ್ತಿ ಮೂರು ಸಲ ಜಯಕಾರ ಹಾಕಿದರು. ಆಮೇಲೆ ಹಿಶಿನುಮಾ ಕಣ್ಣೊರೆಸಿಕೊಂಡು, ದನಿ ಬದಲಿಸಿ ಹೇಳಿದಳು: "ಒಂದು ವಿಷಯ. ಇಲ್ಲಿ ಕೇಳಿದ ಮಾತು ಪ್ರಸಾರ ಆಗೋವರೆಗೆ ಹೊರಗೆ ಬರಬಾರದು. ಇದು ನಮ್ಮ ಕಸುಬಿನ ಕಟ್ಟುನಿಟ್ಟು. ಒಂದೇ ಒಂದು ಮಾತು ಸೋರಿಹೋಗಿ ಇಡೀ ಸರಣಿ ನಿಂತದ್ದು ನಾನೇ ಕಂಡಿದೀನಿ. ದಯವಿಟ್ಟು."

"ಪ್ರಸಾರ ಯಾವಾಗ?" ಅಧ್ಯಕ್ಷ ಕೇಳಿದ.

"ಎಲ್ಲ ಸರಿಹೋದ್ರೆ, ಬರೋ ವಸಂತ ಬಿಟ್ಟು ಅದರ ಮುಂದಿನ ವಸಂತಕ್ಕೆ."

ಇಡೀ ಬೀದಿ ಸೊಂಟ ಬಗ್ಗಿಸಿ ಪ್ರಮಾಣ ಮಾಡಿತು. ಹಿಶಿನುಮಾ ಹಪ್ಪಳದ ಚೀಲ ಹೊತ್ತು ರೈಲಿಗೆ ಓಡಿದಳು.

ನುಕಗಾ ಇನ್ನೂ ಅಲ್ಲೇ ನಿಂತಿದ್ದ. ಫುಮಿನೊ ಒಂದು ಹೆಜ್ಜೆ ಮುಂದೆ ಬಂದಳು. ಅವಳ ಕಿವಿ ಕೆಂಪಾಗಿತ್ತು.

"ನುಕಗಾ-ಸಾನ್, ಈಗ ನೀವು ಹೇಳಿದ್ದು ನಾಯಕನ ಮಾತಾ, ಇಲ್ಲ..."

"ಅದು..." ನುಕಗಾ ಬಾಯಿ ತೆರೆದ. ಜೀವನದಲ್ಲೇ ಮೊದಲ ಸಲ ಅವನ ನಾಲಿಗೆ ಸಿದ್ಧವಾಗಿತ್ತು. "ಅದು ನಿಜವಾಗ್ಲೂ..."

"ಶ್ಶ್!" ತೊಕಿತಾನ ಅಂಗೈ ಅವನ ಬಾಯಿಗೆ ಬಡಿಯಿತು. ಅದರಲ್ಲಿ ಸೋಪಿನ ವಾಸನೆಯಿತ್ತು.

"ಈಗ ತಾನೆ ಪ್ರಮಾಣ ಮಾಡಿದ್ವಲ್ಲೋ!" ಎಂದಳು ಉಮೆಯೊ ಅಜ್ಜಿ. "ಆ ಮಾತು ಮತ್ತೆ ಎತ್ಬೇಡ."

"ಅಭ್ಯಾಸದ ಬಗ್ಗೆ ಅಲ್ಲ, ನಾನು..." ಅಂಗೈಯ ಹಿಂದಿನಿಂದ ನುಕಗಾ ಒದ್ದಾಡಿದ.

"ಯಾವ ಬಗ್ಗೆನೂ ಬೇಡ," ಕಜಿತಾನಿ ಮಧ್ಯೆ ಬಂದು ನಿಂತ. ಅವನ ಕಣ್ಣಲ್ಲಿ ಪ್ರೀತಿ ತುಳುಕುತ್ತಿತ್ತು. "ನೀನು ಭಾವುಕ ಮನುಷ್ಯ, ಸದಾಹಿರೊ-ಕುನ್. ಇಲ್ಲಿಗೆ ಬಂದ್ರೆ ಬಾಯಿ ಜಾರುತ್ತೆ. ಪ್ರಸಾರ ಆಗೋವರೆಗೆ ನೀನು ಈ ಅಂಗಡಿ ಕಡೆ ಬರೋದೇ ಬೇಡ. ಕೊಡೆ ಮುರಿದ್ರೆ ನಂಗೆ ಕೊಡು, ನಾನೇ ರಿಪೇರಿ ಮಾಡಿಸಿ ತಂದ್ಕೊಡ್ತೀನಿ."

ಎಲ್ಲರೂ ಒಪ್ಪಿದರು. ನುಕಗಾನನ್ನು ಎರಡೂ ಕಡೆ ತೋಳು ಹಿಡಿದು ಹಾಸಿಗೆಯಂಗಡಿಯವರೆಗೆ ನಡೆಸಿದರು. ಅವನು ಹಿಂತಿರುಗಿ ನೋಡಿದಾಗ ಫುಮಿನೊ ಬಾಗಿಲಲ್ಲೇ ನಿಂತು, ತೋಳಿನಿಂದ ಸೂಜಿ ತೆಗೆಯುತ್ತಿದ್ದಳು.

ದೀಪ ಹಚ್ಚುವ ಹೊತ್ತಿಗೆ ಅಧ್ಯಕ್ಷ ಕಪ್ಪು ಕೊಡೆ ತಂದುಕೊಟ್ಟ. "ಎಂಥ ಜವಾಬ್ದಾರಿ ಹುಡುಗಿ ನೋಡು! ಈ ಸಲ ಜೋಡಿ ದಾರದಲ್ಲಿ ಹೊಲಿದು, ಕಡ್ಡಿಗೂ ಉಕ್ಕಿನ ಪಟ್ಟಿ ಹಾಕಿದಾಳೆ. ಪ್ರಸಾರದವರೆಗೂ ಮುರಿಯೋಲ್ವಂತೆ. ನಿಂಗೆ ಹಾಗೇ ಹೇಳು ಅಂದ್ಲು. ಹೇಳ್ವಾಗ ಯಾಕೋ ನಗ್ತಿದ್ಲು."

ಅವನು ಹೋದ ಮೇಲೆ ನುಕಗಾ ಬಾಗಿಲು ಮುಚ್ಚಿ, ಕೊಡೆಯನ್ನು ಮೊಣಕಾಲಿಗಿಟ್ಟು ಒತ್ತಿದ. ಉಸಿರು ಬಿಗಿಹಿಡಿದು ಇನ್ನೊಮ್ಮೆ ಒತ್ತಿದ.

ಕೊಡೆ ಮುರಿಯಲಿಲ್ಲ.