ಹಲ್ಲಿನೊಳಗಿನ ಗಾರೆಯವರು

ಬೇರೆಯವರ ಬಾಯಿ ತೆರೆಸುವುದೇ ಕಸುಬಾದ ಮೇಲೆ ಇಂಥವು ನಡೆಯುತ್ತಲೇ ಇರುತ್ತವೆ. ತೊಂಬತ್ತರ ದಶಕದಲ್ಲಿ ನಾನು ಶಿಕಾರಿಪುರದಲ್ಲಿ ಹಲ್ಲಿನ ದವಾಖಾನೆ ಇಟ್ಟಿದ್ದೆ. ಮಂಗಳವಾರ, ಶುಕ್ರವಾರ ಬಸ್ಸು ಹತ್ತಿ ಸೊರಬಕ್ಕೆ ಹೋಗಿ ಅಲ್ಲೊಂದು ಬಾಡಿಗೆ ಕೋಣೆಯಲ್ಲಿ ಕೂರುತ್ತಿದ್ದೆ. ಶಿಕಾರಿಪುರದವರು ಹಲ್ಲು ನೋಯಲು ಶುರುವಾದ ಮರುದಿನವೇ ಬಂದು ಲಗೂನ ನೋಡ್ರಿ ಎನ್ನುತ್ತಿದ್ದರು. ಸೊರಬದ ಕಡೆಯವರು ತಿಂಗಳುಗಟ್ಟಲೆ ಸಹಿಸಿ ಬಂದು, ನನ್ನ ಊಟ ತಿಂಡಿ ವಿಚಾರಿಸಿ, ಬಸ್ಸಿನಲ್ಲಿ ಜಾಗ ಸಿಕ್ಕಿತೋ ಇಲ್ಲವೋ ಕೇಳಿ, ಎದ್ದು ಹೋಗುವಾಗ ಹಲ್ಲಿನ ಮಾತು ತೆಗೆಯುತ್ತಿದ್ದರು. ನನಗೋ ತಾಳ್ಮೆ ಕಡಿಮೆ. ಆದರೂ ಈಗ ಕೂತು ನೆನೆಸಿಕೊಂಡರೆ ಮೊದಲು ಕಣ್ಣಿಗೆ ಬರುವುದು ಸೊರಬದ ಹತ್ತಿರದ ಕುಪ್ಪಗಡ್ಡೆಯ ಒಬ್ಬ ಅಜ್ಜಿ, ಅವರ ಮೊಮ್ಮಗಳು, ಮತ್ತು ಆ ಮೊಮ್ಮಗಳ ಒಂದೇ ಒಂದು ಮುಂದಿನ ಹಲ್ಲು.

ಸಂಚಿಯಲ್ಲಿ ಬಂದ ಚೂರು

ಹುಡುಗಿಗೆ ಎಂಟು ವರ್ಷ. ಬೋರ್‌ವೆಲ್ ಕಟ್ಟೆಯ ಮೇಲೆ ಜಾರಿ ಬಿದ್ದು, ಮೇಲಿನ ಮುಂದಿನ ಹಲ್ಲು ಅರ್ಧಕ್ಕೆ ಮುರಿದಿತ್ತು. ಅಜ್ಜಿ ತಮ್ಮ ಎಲೆ ಅಡಿಕೆ ಸಂಚಿ ಬಿಚ್ಚಿ, ಹೊಗೆಸೊಪ್ಪಿನ ನಡುವಿನಿಂದ ಮುರಿದ ಚೂರನ್ನು ಹುಡುಕಿ ತೆಗೆದು ನನ್ನ ಅಂಗೈಯಲ್ಲಿಟ್ಟರು. ಇದನ್ನು ಅಂಟಿಸುತ್ತೀರೋ, ಉಳಿದದ್ದನ್ನೂ ಕಿತ್ತು ಹಾಕುತ್ತೀರೋ ಎಂದು ಕೇಳಿದರು. ಊರಲ್ಲಿ ಎಲ್ಲರೂ ಕೀಳಿಸು, ಹೊಸದು ಬರುತ್ತೆ ಅಂದಿದ್ದರಂತೆ.

ಇದು ಹಾಲುಹಲ್ಲಲ್ಲ, ಹೋದರೆ ಹೋಯಿತು ಎಂದೆ. ಮುರಿದ ಜಾಗದ ನಡುವೆ ಕುಂಕುಮದ ಬೊಟ್ಟಿನಷ್ಟು ಕೆಂಪು ಕಾಣುತ್ತಿತ್ತು. ಅದೇ ಹಲ್ಲಿನ ಜೀವ. ಆ ವಯಸ್ಸಿಗೆ ಬೇರು ಪೂರ್ತಿ ಕಟ್ಟಿರುವುದಿಲ್ಲ, ತುದಿ ಇನ್ನೂ ತೆರೆದಿರುತ್ತದೆ. ಜೀವ ಉಳಿದರೆ ಹಲ್ಲು ತನ್ನ ಬೇರನ್ನು ತಾನೇ ಕಟ್ಟಿಕೊಳ್ಳುತ್ತದೆ. ಸತ್ತರೆ ಟೊಳ್ಳಾಗಿ ಇವತ್ತಲ್ಲ ನಾಳೆ ಮುರಿದು ಬೀಳುತ್ತದೆ. ನಾನು ಇಷ್ಟೆಲ್ಲ ಹೇಳಿ ಮುಗಿಸುವವರೆಗೂ ಅಜ್ಜಿ ತಲೆಯಾಡಿಸಿದರು. ಆಮೇಲೆ ಚೂರನ್ನು ನನ್ನ ಕೈಯಿಂದ ತೆಗೆದು ಸಂಚಿಯೊಳಗೆ ಹಾಕಿಕೊಂಡರು. "ಇರಲಿ, ನಿಮ್ಮ ಕೈಲಿ ಆಗ್ದಿದ್ರೆ ಬೇಕಾಗ್ತದೆ" ಅಂದರು.

ಸುಣ್ಣದ ಡಬ್ಬಿ

ಹಲ್ಲಿನೊಳಗೆ ಹೊಸದನ್ನು ಕಟ್ಟುವ ಜೀವಕಣಗಳಿವೆ ಎಂದು ನಾವು ಕಾಲೇಜಿನಲ್ಲಿ ಓದಿದ್ದೆವು. ಈಗ ಎಲ್ಲರ ಬಾಯಲ್ಲೂ ಓಡಾಡುವ ಸ್ಟೆಮ್ ಸೆಲ್ ಎಂಬ ಮಾತು ಆಗ ನಮ್ಮ ಕಡೆ ಯಾರಿಗೂ ಗೊತ್ತಿರಲಿಲ್ಲ, ನನಗೂ ಅಷ್ಟಕ್ಕಷ್ಟೆ. ಹಾಗಾಗಿ ಅಜ್ಜಿಗೆ ಅರ್ಥವಾಗಲಿ ಎಂದು, ಒಳಗೆ ಸಣ್ಣ ಸಣ್ಣ ಗಾರೆಯವರಿದ್ದಾರೆ, ಅವರು ಗೋಡೆ ಕಟ್ಟುತ್ತಾರೆ ಎಂದೆ. ಆ ಕೆಂಪಿನ ಮೇಲೆ ಮದ್ದು ಇಟ್ಟು ಹಲ್ಲು ಮುಚ್ಚುತ್ತಿರುವಾಗ ಅದೇನೆಂದು ಅಜ್ಜಿ ಕೇಳಿದರು, ಒಂಥರಾ ಸುಣ್ಣ ಎಂದುಬಿಟ್ಟೆ. ಸುಳ್ಳಲ್ಲ, ಆ ಮದ್ದು ಅದೇ ಜಾತಿಯದು. ಆದರೆ ಎಲೆ ಅಡಿಕೆ ಹಾಕುವವರ ಎದುರು ಹೇಳುವ ಮಾತಲ್ಲ ಅದು.

ಅಜ್ಜಿಯ ಮುಖ ಅರಳಿತು. ಸೊಂಟದಿಂದ ಡಬ್ಬಿ ತೆಗೆದು ಮುಂದಿಟ್ಟರು. "ಗಾರೆಯವ್ರಿಗೆ ಸುಣ್ಣ ಬೇಕೇ ಬೇಕಲ್ಲ. ನನ್ದೇ ತಗಳಿ ಡಾಕ್ಟ್ರಮ್ಮ, ಚಿಪ್ಪು ಸುಟ್ಟು ಮಾಡಿದ್ದು. ನಿಮ್ದು ಅಂಗಡೀದು."

ಮೊಳಕೆಯ ಲೆಕ್ಕ

ಮುಂದಿನ ಶುಕ್ರವಾರ ಸೊರಬದ ಕೋಣೆಯ ಮುಂದೆ ಎಂದೂ ಇಲ್ಲದ ಜನ. ನಾಲ್ಕು ಮಂದಿ ಹುಳುಕು ಹಲ್ಲಿಗೆ ಸುಣ್ಣ ಮೆತ್ತಿಕೊಂಡು, ನಾಲಿಗೆ ಸುಟ್ಟುಕೊಂಡು ಬಂದಿದ್ದರು. ಯಾರು ಹೇಳಿದ್ದು ಎಂದರೆ ಎಲ್ಲರೂ ಕುಪ್ಪಗಡ್ಡೆಯ ಕಡೆ ಕೈ ತೋರಿಸಿದರು. ನಾನು ಒಬ್ಬೊಬ್ಬರ ಬಾಯಿ ತೊಳೆಸುತ್ತಾ, ಜೊತೆಗೇ ಬೈಯುತ್ತಾ ಹೋದೆ.

ಕೊನೆಯಲ್ಲಿ ಕೂತಿದ್ದವರು ಬಾಯಲ್ಲಿ ಒಂದೂ ಹಲ್ಲಿಲ್ಲದ ಒಬ್ಬ ಹಿರಿಯರು. ದಿನಾ ಬೆಳಿಗ್ಗೆ ಸಂಜೆ ಬರೀ ಒಸಡಿಗೆ ಸುಣ್ಣ ಸವರಿಕೊಂಡು ಬಾಯಿ ಹಣ್ಣಾಗಿತ್ತು. ಗೋಡೆ ಕಟ್ಟಬೇಕಾದವರು ಹಲ್ಲಿನೊಳಗೆ ಇರುತ್ತಾರೆ, ಹಲ್ಲೇ ಇಲ್ಲದ ಮೇಲೆ ಅವರು ಎಲ್ಲಿಂದ ಬರಬೇಕು ಎಂದು ನಾನು ಏರುದನಿಯಲ್ಲೇ ಬಿಡಿಸಿ ಹೇಳಿದೆ. ಅವರು ಮರ್ಯಾದೆಯಿಂದ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹತ್ತಿರ ಬಾಗಿ, "ಅದೆಲ್ಲ ಸರಿ. ಮುಂದಿನವು ಮೊದಲು ಬರ್ತಾವೋ, ದವಡೇವೋ?" ಎಂದು ಕೇಳಿದರು.

ನೀರು ಉಣಿಸುವ ಕ್ರಮ

ಒಂದು ತಿಂಗಳಾಗಿರಬೇಕು, ಹುಡುಗಿಯ ಶಾಲೆಯ ಟೀಚರು ತಾವೇ ಬಂದರು. ಆ ಹುಡುಗಿ ಮಗ್ಗಿ ಹೇಳುತ್ತಿಲ್ಲ, ಹಾಜರಿಗೂ ಬಾಯಿ ಬಿಡುತ್ತಿಲ್ಲ, ಕೇಳಿದರೆ ಉಬ್ಬಿದ ಕೆನ್ನೆ ತೋರಿಸುತ್ತಾಳೆ, ಬಾವು ಬಂದಿದೆಯೇನೋ ನೋಡಿ ಎಂದರು. ಬಾವು ಎಂದರೆ ಹಲ್ಲು ಸತ್ತಂತೆ. ಕೂಡಲೇ ಅಜ್ಜಿಯನ್ನೂ ಮೊಮ್ಮಗಳನ್ನೂ ಕರೆಸಿದೆ.

ಹುಡುಗಿ ಕುರ್ಚಿಯಲ್ಲಿ ಕೂತು ಬಾಯಿ ತೆರೆದಳು. ಒಂದು ಲೋಟದಷ್ಟು ನೀರು ನನ್ನ ಸೀರೆಯ ಮೇಲೆ ಬಿತ್ತು. ಬಾವೂ ಇಲ್ಲ, ಏನೂ ಇಲ್ಲ. ಅಜ್ಜಿಗೆ ನನ್ನ ಕೋಪವೇ ಅರ್ಥವಾಗಲಿಲ್ಲ. ಹೊಸ ಗೋಡೆಗೆ ನೀರು ಉಣಿಸದೆ ಬಿಡುತ್ತಾರೆಯೇ ಎಂದು ನನ್ನನ್ನೇ ಕೇಳಿದರು. ಹುಡುಗಿ ಬೆಳಿಗ್ಗೆಯಿಂದ ಸಂಜೆಯವರೆಗೆ ಬಾಯಲ್ಲಿ ನೀರು ಹಿಡಿದುಕೊಂಡೇ ಶಾಲೆಯಲ್ಲಿ ಕೂರುತ್ತಿದ್ದಳು.

ನಾನು ಸೀರೆ ಹಿಂಡಿಕೊಳ್ಳುತ್ತಿರುವಾಗ ಅಜ್ಜಿ ಮೆಲ್ಲಗೆ ತಮ್ಮ ಕಥೆ ಹೇಳಿದರು. ಅವರಿಗೂ ಇದೇ ವಯಸ್ಸಿನಲ್ಲಿ, ಇದೇ ಹಲ್ಲು ಮುರಿದಿತ್ತಂತೆ. ಜಗಲಿಯ ಮೇಲೆ ಕೂರಿಸಿ ಕಿತ್ತರಂತೆ. ಅಂದಿನಿಂದ ಬಾಯಿಗೆ ಕೈ ಅಡ್ಡ ಹಿಡಿಯದೆ ನಕ್ಕಿದ್ದೇ ಇಲ್ಲ, ಮದುವೆಯ ದಿನವೂ ಇಲ್ಲ. "ಇವಳು ಹಂಗೆ ಆಗ್ಬಾರ್ದು ಡಾಕ್ಟ್ರಮ್ಮ" ಎಂದರು. ಅಷ್ಟು ದಿನ ನನಗೆ ಅದೊಂದು ಹಲ್ಲಾಗಿತ್ತು. ಅವತ್ತಿನಿಂದ ಹೆದರಿಕೆ ಶುರುವಾಯಿತು. ಬಸ್ಸಿನಲ್ಲಿ ಕೂತಾಗಲೂ ಅದೇ ಹಲ್ಲಿನ ಯೋಚನೆ.

ಏನೇ ಇರಲಿ, ನೀರು ಉಣಿಸುವುದು ಬೇಡ ಎಂದು ಕಟ್ಟಪ್ಪಣೆ ಮಾಡಿದೆ. ಅಜ್ಜಿ ಎದ್ದು ಸಂಚಿ ಸಿಕ್ಕಿಸಿಕೊಂಡರು. "ಆಯ್ತು. ಬಿರುಕು ಬಿಟ್ರೆ ಆಮೇಲೆ ನನ್ನ ಕೇಳ್ಬೇಡಿ."

ಐಸ್ ಕ್ಯಾಂಡಿ

ಒಂದೂವರೆ ವರ್ಷ ಕಳೆಯಿತು. ಬೇರು ಕಟ್ಟಿ ಮುಗಿಯುತ್ತದೆ ಎಂದು ನಾನು ಅಜ್ಜಿಗೆ ಹೇಳಿದ್ದ ಸಮಯ. ಎಕ್ಸ್-ರೇ ಯಂತ್ರ ಇದ್ದದ್ದು ಶಿಕಾರಿಪುರದಲ್ಲಿ, ಅಜ್ಜಿ ಮೊಮ್ಮಗಳನ್ನು ಅಲ್ಲಿಗೇ ಕರೆದುಕೊಂಡು ಬಂದರು. ಅವತ್ತೇ ಕರೆಂಟು ಹೋಗಿತ್ತು.

ಸುಮ್ಮನೆ ಕಾಯುವ ಬದಲು ಹಲ್ಲಿಗೆ ಜೀವ ಇದೆಯೋ ನೋಡೋಣ ಎಂದುಕೊಂಡೆ. ತಣ್ಣನೆಯದನ್ನು ತಾಗಿಸಿದರೆ ಜೀವ ಇರುವ ಹಲ್ಲು ಜುಂ ಎನ್ನುತ್ತದೆ. ಫ್ರಿಜ್ಜಿನಲ್ಲಿ ಐಸು ಕರಗಿತ್ತು. ನಾನೇ ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಒಂದು ಕಿತ್ತಳೆ ಬಣ್ಣದ ಐಸ್ ಕ್ಯಾಂಡಿ ತಂದೆ. ಜುಂ ಅಂದ ಕೂಡಲೇ ಕೈ ಎತ್ತು ಎಂದು ಹುಡುಗಿಗೆ ಹೇಳಿ, ಹಲ್ಲಿಗೆ ತಾಗಿಸಿದೆ. ಕೈ ಮೇಲೇಳಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಹಿಡಿದೆ. ಇಲ್ಲ. ಹಲ್ಲಿನ ಹಿಂದೆ ಇಟ್ಟೆ, ಬುಡಕ್ಕೆ ಇಟ್ಟೆ. ಹುಡುಗಿ ಕರಗಿದ್ದನ್ನು ನುಂಗುತ್ತಾ ಸುಮ್ಮನೆ ನನ್ನನ್ನೇ ನೋಡುತ್ತಿದ್ದಳು. ಒಂದೂವರೆ ವರ್ಷದ ಕೆಲಸ ಹೋಯಿತು, ಈ ಅಜ್ಜಿಗೆ ಏನೆಂದು ಹೇಳಲಿ ಎಂದುಕೊಳ್ಳುತ್ತಾ ಇನ್ನೊಮ್ಮೆ ಹಲ್ಲಿಗೆ ಒತ್ತಿದೆ.

"ಗಾರೆಯವ್ರು ಕೈ ಬಿಟ್ರಾ?" ಎಂದು ಅಜ್ಜಿ ಕೇಳಿದರು. ಅವರ ಕೈ ತಾನಾಗಿ ಬಾಯಿಗೆ ಹೋಗಿತ್ತು, ಕಣ್ಣು ತುಂಬಿತ್ತು. ಹುಡುಗಿ ಅದನ್ನು ನೋಡಿದಳು. ಅಷ್ಟರಲ್ಲಿ ಕ್ಯಾಂಡಿಯಲ್ಲಿ ಉಳಿದಿದ್ದು ಬರೀ ಕಡ್ಡಿ. ಅವಳು ನಿಧಾನವಾಗಿ ಕೈ ಎತ್ತಿದಳು.

"ಮೊದಲ್ನೇ ಸಲಾನೇ ಜುಂ ಅಂತು" ಎಂದಳು. "ಆವಾಗ್ಲೇ ಎತ್ತಿದ್ರೆ ನೀವು ಕ್ಯಾಂಡಿ ತೆಗೆದುಬಿಡ್ತಿದ್ರಿ."

ಕಿವಿ ಹಿಂಡಬೇಕೆನಿಸಿತು. ಹಿಂಡಲಿಲ್ಲ, ಹೋಗಿ ಇನ್ನೊಂದು ಕ್ಯಾಂಡಿ ತಂದೆ. ಅಷ್ಟರಲ್ಲಿ ಕರೆಂಟು ಬಂತು. ಕ್ಯಾಂಡಿಯನ್ನು ಅಜ್ಜಿಯ ಕೈಗೆ ಕೊಟ್ಟು ಎಕ್ಸ್-ರೇ ತೆಗೆದೆ. ಹಸಿ ಫಿಲ್ಮನ್ನು ಕಿಟಕಿಗೆ ಹಿಡಿದರೆ, ಬೇರು ತುದಿಯವರೆಗೆ ಕಟ್ಟಿ, ಅಂದವಾಗಿ ಮುಚ್ಚಿಕೊಂಡಿತ್ತು. ನನಗೆ ಅಳುವೇ ಬಂತು. ಗಾರೆಯವರು ಕೆಲಸ ಮುಗಿಸಿದ್ದಾರೆ ಎಂದು ಅಜ್ಜಿಗೆ ಫಿಲ್ಮು ಕೊಟ್ಟೆ.

ಅಜ್ಜಿ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಹೇಳಿದ ಟೈಮಿಗೆ ಮುಗಿಸ್ಯಾರಲ್ಲ ಡಾಕ್ಟ್ರಮ್ಮ. ನಮ್ಮನೆ ಬಚ್ಚಲು ಗೋಡೆ ಅರ್ಧಕ್ಕೇ ನಿಂತು ಮೂರು ವರ್ಷ ಆತು. ಇವ್ರಲ್ಲಿ ಒಂದಿಬ್ಬರನ್ನ ಕಳಿಸ್ಕೊಡಿ" ಎಂದು ನಕ್ಕರು.

ಬಾಯಿ ತುಂಬಾ ನಕ್ಕರು. ಅಡ್ಡ ಹಿಡಿಯಲು ಕೈಗೆ ಬಿಡುವಿರಲಿಲ್ಲ. ಒಂದರಲ್ಲಿ ಎಕ್ಸ್-ರೇ ಇತ್ತು, ಇನ್ನೊಂದರಲ್ಲಿ ಮೊಮ್ಮಗಳು ಆಗಲೇ ಅರ್ಧ ತಿಂದಿದ್ದ ಎರಡನೇ ಕ್ಯಾಂಡಿ.