ಒಗ್ಗಿದ ಮಾತ್ರೆ

ಅವಳಿ ಮಕ್ಕಳು ಪಾಳಿ ಹಾಕಿಕೊಂಡು ಅಳುತ್ತಿದ್ದವು. ಇರುವುದೊಂದೇ ಕೋಣೆ, ಇನ್ನೊಂದು ಹುಟ್ಟಿದರೆ ಅಪ್ಪನಿಗೆ ಮಲಗಲು ಹೊಸ್ತಿಲೇ ಗತಿ. ವರ್ಕ್‌ಶಾಪಿನಲ್ಲಿ ಲೇತ್ ಯಂತ್ರ ಓಡಿಸುವ ಅಪ್ಪನಿಗೆ ತಲೆ ಸಿಡಿಯುತ್ತಿತ್ತು. ಕಪಾಟಿನ ಡಬ್ಬಿಯಲ್ಲಿ ಒಂದೇ ಒಂದು ಕಂದು ಮಾತ್ರೆ ಕಂಡಿತು. ತಲೆನೋವಿನದೇ ಇರಬೇಕೆಂದು ನುಂಗಿ ಕೆಲಸಕ್ಕೆ ಓಡಿದ.

ಹತ್ತು ಗಂಟೆಗೆ ಹೆಂಡತಿಯ ಫೋನು. ಯಂತ್ರಗಳ ಗದ್ದಲದಲ್ಲಿ ಕೇಳಿಸದೆ ಸ್ಪೀಕರ್ ಹಾಕಿದ. ಅದೇ ಹೊತ್ತಿಗೆ ಕರೆಂಟು ಹೋಗಿ ಯಂತ್ರಗಳೆಲ್ಲ ನಿಂತವು.

"ರೀ, ಡಬ್ಬಿಯಲ್ಲಿದ್ದ ಮಾತ್ರೆ ತಿಂದ್ರಾ? ಅದು ಮಕ್ಕಳಾಗದ ಹಾಗೆ ನಾನು ತಗೊಳ್ಳೋದು! ಇದ್ದಿದ್ದೇ ಅದೊಂದು. ತಪ್ಪಿದ್ರೆ ಮೂರನೇದು ಗ್ಯಾರಂಟಿ. ಸಂಜೆಯೊಳಗೆ ತನ್ನಿ!"

ಇಡೀ ವರ್ಕ್‌ಶಾಪು ಕಿವಿಯಾಗಿತ್ತು.

"ಮೂರನೇದು ಹಾಗಿರಲಿ, ನಿನ್ನ ಗತಿ ನೋಡ್ಕೋ," ಎಂದ ವೆಲ್ಡರ್. "ನನ್ನ ನಾದಿನಿಗೆ ಅದು ತಿಂದು ವಾಕರಿಕೆ, ಎದೆನೋವು, ಸುಮ್‌ಸುಮ್ನೆ ಅಳು."

"ಗಂಡಸು ತಿಂದ್ರೆ ಮೀಸೆ ಉದುರುತ್ತೆ," ಎಂದು ಮೇಸ್ತ್ರಿ ತೀರ್ಪು ಕೊಟ್ಟ.

ಹನ್ನೊಂದಕ್ಕೆ ವಾಕರಿಕೆ ಬಂತು. ಹನ್ನೆರಡಕ್ಕೆ ಎದೆ ಮುಟ್ಟಿದರೆ ನೋವು. ಊಟದ ಹೊತ್ತಿಗೆ ಮೇಸ್ತ್ರಿ, "ಹೇಗಿದೀಯಪ್ಪಾ?" ಎಂದಿದ್ದೇ ತಡ, ಗೊಳೋ ಎಂದು ಅತ್ತ. ಹತ್ತು ವರ್ಷದ ದುಡಿಮೆಯಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಅರ್ಧ ದಿನ ರಜೆ ಹಾಕಿ, ಮೀಸೆಯನ್ನು ಕೈಯಲ್ಲಿ ಒತ್ತಿ ಹಿಡಿದುಕೊಂಡೇ ಔಷಧಿ ಅಂಗಡಿಗೆ ಹೋದ. ಹೆಂಡತಿಯ ಮಕ್ಕಳಾಗದ ಮಾತ್ರೆಯನ್ನು ತಾನು ನುಂಗಿದ್ದಾಗಿ ಪಿಸುಗುಟ್ಟಿದ. ಹಿಂದೆ ನಿಂತಿದ್ದ ಪಕ್ಕದ ಮನೆಯ ಅಜ್ಜಿ ಇನ್ನಷ್ಟು ಹತ್ತಿರ ಸರಿದರು.

"ಯಾವ ಬಣ್ಣದ್ದು?" ಅಂಗಡಿಯವನು ಕೇಳಿದ.

"ಕಂದು."

"ಅದರಲ್ಲಿ ಬರೀ ಕಬ್ಬಿಣಾಂಶ ಸ್ವಾಮಿ! ಮಕ್ಕಳಾಗೋದನ್ನ ತಡೆಯೋದು ಬಿಳಿ ಮಾತ್ರೆ, ಇಪ್ಪತ್ತೊಂದು ದಿನ. ಅಭ್ಯಾಸ ತಪ್ಪದಿರಲಿ ಅಂತ ಕೊನೇ ವಾರಕ್ಕೆ ಕಂದು ಇಟ್ಟಿರ್ತಾರೆ. ಒಂದು ಹೋದ್ರೆ ಏನೂ ಆಗಲ್ಲ."

"ಹಾಗಾದ್ರೆ ನನ್ನ ವಾಕರಿಕೆ?"

"ಅದು ನಿನ್ನ ಸ್ವಂತದ್ದಪ್ಪಾ," ಎಂದರು ಅಜ್ಜಿ.

ಎದೆನೋವು ಅಲ್ಲೇ ಮಾಯ. ಮೀಸೆ ತಿರುವುತ್ತ ಮನೆ ಹೊಕ್ಕ.

"ಹೆದರಬೇಡ ಕಣೇ! ಕಂದು ಬರೀ ಕಬ್ಬಿಣವಂತೆ. ಬಿಳಿದು ತಪ್ಪದೆ ತಿಂದ್ರೆ ಸಾಕು."

ಹೆಂಡತಿ ಸೊಂಟದ ಮೇಲಿದ್ದ ಮಗುವನ್ನು ನಿಧಾನಕ್ಕೆ ಇಳಿಸಿದಳು.

"ಬಿಳಿದಾ? ಅದು ತಿಂದ್ರೆ ತಲೆನೋವು, ವಾಕರಿಕೆ ಅಂತ ಎರಡು ತಿಂಗಳಿಂದ ಕಸಕ್ಕೆ ಹಾಕ್ತಿದೀನಲ್ರೀ! ಆಸ್ಪತ್ರೇಲಿ ಕೇಳಿ ಕೇಳಿ ಸ್ಟ್ರಿಪ್ಪು ತಂದು, ಕಂದು ಮಾತ್ರ ಬಿಡಿಸಿ ಡಬ್ಬಿಗೆ ಹಾಕ್ಕೊಂಡು ತಿಂತಿದ್ದೆ. ಎಷ್ಟು ಚೆನ್ನಾಗಿ ಒಗ್ಗಿತ್ತು ಗೊತ್ತಾ, ಒಂದು ದಿನಾನೂ ವಾಕರಿಕೆ ಇಲ್ಲ."

ಸೆರಗಿನಿಂದ ಬಾಯಿ ಒರೆಸಿಕೊಂಡು ಹೇಳಿದಳು:

"ಈ ಸೋಮವಾರದಿಂದ ಯಾಕೋ ವಾಕರಿಕೆ ಬರ್ತಿದೆ."