ನಲವತ್ತಾರು ಹಸುಗಳನ್ನು ಸೋದರಿಯ ಮನೆಮಂದಿಯೆಂದು ಪರಿಗಣಿಸುವ ಕುರಿತು

ಕಾಲೇಜು ಸೋದರಿ ಸಂಘ
ಹಳೆಯ ವಿದ್ಯಾರ್ಥಿನಿಯರ ಶಾಖೆ, ಪಶ್ಚಿಮ ನೆಬ್ರಾಸ್ಕಾ
(ಆಜೀವ ನೆರವು ವಿಭಾಗ)

ಸುತ್ತೋಲೆ ಸಂಖ್ಯೆ: ಸೋಸಂ/ನೆರವು/ಊಟ/೧೯
ದಿನಾಂಕ: ಮಾರ್ಚ್ ೭

ವಿಷಯ: ಬಲಭುಜ ಮುರಿದಿರುವ ಸೋದರಿ ಆರ್ಡಿತ್ ಕುಬಿಚೆಕ್ ಅವರಿಗೆ ನೂಡಲ್ ಕಳುಹಿಸುವುದನ್ನು ನಿಲ್ಲಿಸಿ, ಅವರ ಹಸುಗಳಿಗೆ ಹುಲ್ಲು ಹಾಕುವ ಬಗ್ಗೆ.

ಉಲ್ಲೇಖ:
(೧) ನೆರವು ಕೈಪಿಡಿ, ೧೯೫೮ರ ಆವೃತ್ತಿ, ಪುಟ ೪.
(೨) ಜಾನುವಾರು ಹರಾಜು ಮಂಟಪದ ಸ್ವೀಕೃತಿ ಪತ್ರ. ಸದರಿ ಪತ್ರವು ಸೋದರಿ ಆರ್ಡಿತ್ ಅವರ ಅಡುಗೆಮನೆಯ ಮೇಜಿನ ಮೇಲೆ ಉಪ್ಪಿನ ಡಬ್ಬಿಯ ಕೆಳಗಿತ್ತು.
(೩) ಸೋದರಿ ಲಾವಾನ್ ಟ್ರಿಪ್ಲೆಟ್ ಅವರ ವರದಿ. ದೂರವಾಣಿಯಲ್ಲಿ ನೀಡಿದ್ದು, ನಡುವೆ ಎರಡು ಬಾರಿ ಅತ್ತಿದ್ದು ಸೇರಿದಂತೆ.

ಪ್ರಸ್ತಾವನೆ:

ಸೋದರಿ ಆರ್ಡಿತ್ (ವಯಸ್ಸು ೬೮, ಒಂಟಿಯಾಗಿ ದನ ಸಾಕುವವರು) ಫೆಬ್ರವರಿ ೧೯ರಂದು ನೀರಿನ ತೊಟ್ಟಿಯ ಬಳಿ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದ ಸಂಗತಿ ಶಾಖೆಯ ಗಮನಕ್ಕೆ ಬಂದಿತು. ಕೈಪಿಡಿಯ ಪುಟ ೪ರಂತೆ ಆಪತ್ತಿನಲ್ಲಿರುವ ಸೋದರಿಗೆ ಸಲ್ಲತಕ್ಕ ನೆರವು ನಾಲ್ಕೇ ಬಗೆಯದು: ಬಿಸಿ ಊಟ, ಶುಭಾಶಯ ಪತ್ರ, ಹೂವು ಮತ್ತು ಹಾಡು. ಅದರಂತೆ ಒಂಬತ್ತು ದಿನಗಳಲ್ಲಿ ಹತ್ತೊಂಬತ್ತು ಗಾಜಿನ ಪಾತ್ರೆಗಳಲ್ಲಿ ಟ್ಯೂನಾ ಮೀನಿನ ನೂಡಲ್ ಕಳುಹಿಸಲಾಯಿತು. ಮನೆಯ ನಾಯಿ ಐದನೆಯ ದಿನದಿಂದ ಮುಖ ತಿರುಗಿಸಿದೆಯೆಂದು ತಿಳಿದುಬಂದಿದೆ.

ಕಾಲೇಜಿನಲ್ಲಿ ಪ್ರತಿ ಹೊಸ ಸೋದರಿಗೂ ಹಿರಿಯಳೊಬ್ಬಳನ್ನು ಅಕ್ಕನೆಂದು ಗೊತ್ತುಮಾಡುವುದು ಸಂಘದ ಪದ್ಧತಿ. ಸೋದರಿ ಆರ್ಡಿತ್ ಅವರಿಗೆ ೧೯೭೪ರಲ್ಲಿ ಗೊತ್ತುಮಾಡಿದ ಅಕ್ಕ ಸೋದರಿ ಲಾವಾನ್ (ವಯಸ್ಸು ೭೦, ಒಮಾಹಾದ ನಿವೃತ್ತ ಔಷಧಿ ಅಂಗಡಿಯವರು). ಇವರು ಇಪ್ಪತ್ತನೆಯ ಪಾತ್ರೆಯೊಂದಿಗೆ ಖುದ್ದಾಗಿ ಹೋಗಿ, ಉಪ್ಪಿಗಾಗಿ ಡಬ್ಬಿ ಎತ್ತಿದಾಗ ಉಲ್ಲೇಖ (೨)ರ ಪತ್ರವನ್ನು ಕಂಡರು. ಮಾರ್ಚ್ ೨೨ರ ಹರಾಜಿನ ಪಟ್ಟಿಯಲ್ಲಿ ಕ್ರಮ ಸಂಖ್ಯೆ ೧೪: ಗಬ್ಬದ ಹಸುಗಳು, ನಲವತ್ತಾರು, ಎಲ್ಲವೂ.

ಆಗ ನಡೆದ ಮಾತುಕತೆಯನ್ನು ದಾಖಲೆಯ ದೃಷ್ಟಿಯಿಂದ ಇದ್ದ ಹಾಗೆಯೇ ನಮೂದಿಸಿದೆ:

“ಎಲ್ಲಾನೂ ಮಾರ್ತಿದೀಯೇನೇ? ಒಂದು ಮಾತು ಹೇಳಬಾರದಾ?”

“ಹೇಳಿದ್ರೆ ಏನ್ ಮಾಡ್ತಿದ್ರಿ? ಇನ್ನೊಂದು ಪಾತ್ರೆ ನೂಡಲ್ ಕಳಿಸ್ತಿದ್ರಿ. ಮಾರ್ಚ್ ಕೊನೆಗೆ ಕರು ಹಾಕೋಕೆ ಶುರು ಮಾಡ್ತಾವೆ ಕಣಕ್ಕ. ಹೊಟ್ಟೇಲಿ ಸಿಕ್ಕಿಕೊಂಡ್ರೆ ಒಂದು ಕೈಯಲ್ಲಿ ಕರು ಎಳೆಯೋಕಾಗುತ್ತಾ? ಕಣ್ಣೆದುರು ಸಾಯೋದು ನೋಡೋದಕ್ಕಿಂತ ಮಾರೋದೇ ವಾಸಿ.”

ಪರಿಶೀಲಿಸಲಾಗಿ, ಕೈಪಿಡಿಯಲ್ಲಿ ದನಗಳಿಗೆ ಸಂಬಂಧಿಸಿದಂತೆ ಯಾವುದೇ ಅವಕಾಶ ಕಂಡುಬಂದಿಲ್ಲ. ಕೈಪಿಡಿಯ ತಿದ್ದುಪಡಿಗೆ ರಾಷ್ಟ್ರೀಯ ಸಮಾವೇಶದ ಒಪ್ಪಿಗೆ ಬೇಕು. ಸಮಾವೇಶ ಮುಂದಿನ ವರ್ಷದ ಜುಲೈಯಲ್ಲಿದೆ. ಹಸುಗಳು ಅಷ್ಟು ಕಾಯುವುದಿಲ್ಲವೆಂದು ಪಶುವೈದ್ಯರು ತಿಳಿಸಿರುತ್ತಾರೆ. ಆದ್ದರಿಂದ ಶಾಖೆಯ ಮೂವತ್ತೊಂದು ಸದಸ್ಯೆಯರಿಗೂ ಈ ಕೆಳಗಿನಂತೆ ಸೂಚಿಸಲಾಗಿದೆ.

೧. ಕೈಪಿಡಿಯಲ್ಲಿರುವ “ಸೋದರಿ ಮತ್ತು ಅವಳ ಮನೆಮಂದಿಗೆ ಊಟ” ಎಂಬ ಪದಗಳಲ್ಲಿ ಮನೆಮಂದಿ ಎಂದರೆ, ಏಪ್ರಿಲ್ ಕೊನೆಯವರೆಗೆ, ಸದರಿ ನಲವತ್ತಾರು ಹಸುಗಳನ್ನೂ ಒಳಗೊಂಡಂತೆ ಎಂದು ಓದಿಕೊಳ್ಳತಕ್ಕದ್ದು. ನಾಯಿ ಈಗಾಗಲೇ ಒಳಗೊಂಡಿದೆ.

೨. ಒಣಹುಲ್ಲನ್ನು ಊಟವೆಂದು ಪರಿಗಣಿಸಲಾಗಿದೆ. ಊಟ ಬಿಸಿಯಾಗಿರಬೇಕೆಂಬ ಷರತ್ತನ್ನು ಸಡಿಲಿಸಿದೆ. ಹುಲ್ಲನ್ನು ಓವನ್‌ನಲ್ಲಿಟ್ಟು ಬಿಸಿ ಮಾಡಿದ ಸೋದರಿಯು (ಹೆಸರು ಬಿಟ್ಟಿದೆ) ಅಗ್ನಿಶಾಮಕ ದಳಕ್ಕೆ ಪ್ರತ್ಯೇಕವಾಗಿ ಕ್ಷಮಾಪಣೆ ಬರೆಯತಕ್ಕದ್ದು.

೩. ನೂಡಲ್ ಕಳುಹಿಸುವುದನ್ನು ತಕ್ಷಣದಿಂದ ನಿಷೇಧಿಸಲಾಗಿದೆ.

೪. ಪಾತ್ರೆಯ ತಳಕ್ಕೆ ಕಳುಹಿಸಿದವಳ ಹೆಸರಿನ ಪಟ್ಟಿ ಅಂಟಿಸುವ ಸಂಪ್ರದಾಯವನ್ನು ಹುಲ್ಲಿನ ಪಿಂಡಿಗಳಿಗೂ ಅನ್ವಯಿಸಿಕೊಂಡಿದ್ದರಿಂದ ಮೂರು ಹಸುಗಳು ಹೆಸರುಗಳನ್ನು ತಿಂದಿರುತ್ತವೆ. ಇನ್ನು ಮುಂದೆ ಹೆಸರನ್ನು ಕೈಗವಸಿನ ಮೇಲೆ ಮಾತ್ರ ಬರೆಯತಕ್ಕದ್ದು. ಖಾಲಿ ಪಾತ್ರೆ ಹಿಂತಿರುಗಿಲ್ಲವೆಂದು ಹಸುಗಳ ಮೇಲೆ ದೂರು ಸ್ವೀಕರಿಸಲಾಗುವುದಿಲ್ಲ.

೫. ಪ್ರತಿ ಊಟದೊಂದಿಗೆ ಶುಭಾಶಯ ಪತ್ರ ಕಡ್ಡಾಯ. ಹಸುವಿಗೊಂದರಂತೆ ಬರೆಯುವ ಅಗತ್ಯವಿಲ್ಲ. ಒಂದೇ ಪತ್ರವನ್ನು ಬೇಲಿಯ ಹೊರಗೆ ನಿಂತು ಗಟ್ಟಿಯಾಗಿ ಓದಿ ಜೇಬಿಗೆ ಹಾಕಿಕೊಳ್ಳತಕ್ಕದ್ದು. ಹೂವನ್ನು ಒಯ್ಯತಕ್ಕದ್ದಲ್ಲ, ಅದು ಊಟದ ಲೆಕ್ಕಕ್ಕೇ ಸೇರುತ್ತಿದೆ.

೬. ಸಂಘದ ಪಿನ್ನನ್ನು ಎಡ ಎದೆಯ ಮೇಲೆ ಧರಿಸುವ ನಿಯಮವು ದೊಡ್ಡಿಯಲ್ಲಿಯೂ ಜಾರಿಯಲ್ಲಿರುತ್ತದೆ. ಆದರೆ ಕರು ಎಳೆಯುವ ಸಮಯದಲ್ಲಿ ಪಿನ್ನನ್ನು ತೆಗೆದು ಪಕ್ಕದಲ್ಲಿರುವ ಸೋದರಿಯ ಕೈಗೆ ಕೊಡತಕ್ಕದ್ದು. ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ, ಮೊದಲು ಯಾರನ್ನಾದರೂ ಕರೆಯತಕ್ಕದ್ದು. ಒಬ್ಬಳೇ ಕರು ಎಳೆಯಲು ಯಾವ ಸೋದರಿಗೂ ಅನುಮತಿ ಇರುವುದಿಲ್ಲ. ಈ ಸಾಲು ಸೋದರಿ ಆರ್ಡಿತ್ ಅವರಿಗೂ ಅನ್ವಯಿಸುತ್ತದೆ. ವಿಶೇಷವಾಗಿ ಅವರಿಗೇ ಅನ್ವಯಿಸುತ್ತದೆ.

೭. ಹಾಡಿನ ವಿಚಾರದಲ್ಲಿ ಒಂದು ಗಂಭೀರ ಲೋಪ ನಡೆದಿದೆ. ಇಷ್ಟು ದಿನ ಹುಲ್ಲು ಹಾಕುತ್ತಿದ್ದ ನೆರೆಯ ರೈತನ ಹಸುಗಳೇ ಕರು ಹಾಕತೊಡಗಿ ಅವನು ಬರಲಾಗದ್ದರಿಂದ, ಮಾರ್ಚ್ ೨ರ ಬೆಳಿಗ್ಗೆ ಸೋದರಿ ಲಾವಾನ್ ತಮ್ಮ ಬಿಳಿ ಕೋಟಿನಲ್ಲಿಯೇ ಬೇಲಿಯ ಬಳಿಗೆ ಹೋದರು. ಹಸುಗಳು ದೂರದ ದಿಬ್ಬದ ಮರೆಯಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಂತಿದ್ದವು. ಕರೆದರೂ ಬರಲಿಲ್ಲ. ಕಾರಿನ ಹಾರನ್ ಒತ್ತಿದರೂ ಬರಲಿಲ್ಲ. ಕೈ ಮರಗಟ್ಟಿ, ದಿಕ್ಕು ತೋಚದೆ, ಅವರು ತಮಗೇ ಅರಿವಿಲ್ಲದೆ ಸಂಘದ ಗುಪ್ತ ಹಾಡನ್ನು ಗುನುಗಿದರು. ಎರಡನೆಯ ಸಾಲು ಮುಗಿಯುವ ಮೊದಲೇ ನಲವತ್ತಾರು ಹಸುಗಳೂ ದಿಬ್ಬ ಇಳಿದು, ಒಂದರ ಹಿಂದೊಂದು ನಡೆದು ಬಂದು, ಬೇಲಿಯ ಬುಡದಲ್ಲಿ ನಿಂತವು. ಹಾಡು ಸದಸ್ಯೆಯರಲ್ಲದವರ ಕಿವಿಗೆ ಬೀಳಬಾರದೆಂಬುದು ಸಂಘದ ಮೂಲ ನಿಯಮ. ಆದುದರಿಂದ ಸೋದರಿ ಲಾವಾನ್ ನೇರವಾಗಿ ಸೋದರಿ ಆರ್ಡಿತ್ ಅವರ ಅಡುಗೆಮನೆಗೆ ಮರಳಿ ವಿಚಾರಣೆ ನಡೆಸಿದರು:

“ಏನೇ ಇದು ಆರ್ಡಿ? ನಮ್ಮ ಹಾಡು ನಿನ್ನ ಹಸುಗಳಿಗೆ ಹೇಗೆ ಗೊತ್ತು?”

“ನಂಗೆ ಇನ್ಯಾವ ಹಾಡು ಬರುತ್ತೆ ಹೇಳು? ಅಪ್ಪ ಹೋದ ವರ್ಷದಿಂದ ಇದನ್ನೇ ಹಾಡಿ ಕರೀತಿದೀನಿ, ಮೂವತ್ತೆಂಟು ವರ್ಷ ಆಯ್ತು.”

“ಒಂದು ಸಲನಾದ್ರೂ ನಮ್ಮ ಕೂಟಕ್ಕೆ ಬಂದ್ಯಾ? ಮರೆತೇಬಿಟ್ಟಿದೀಯ ಅಂದ್ಕೊಂಡಿದ್ವಿ.”

“ಬರೋಕೆ ಇವು ಬಿಡ್ತಿದ್ವಾ? ನೀವೆಲ್ಲ ವರ್ಷಕ್ಕೊಂದ್ಸಲ ಹಾಡ್ತಿದ್ರಿ. ನಾನು ದಿನಾ ಎರಡು ಹೊತ್ತು ಹಾಡ್ತಿದ್ದೆ. ಈಗ ನನ್ ಮೇಲೆ ದೂರು ಬರೀತೀಯ?”

ಬರೆಯಲಾಗಿದೆ. ಹಾಜರಾತಿ ಪುಸ್ತಕದಲ್ಲಿ ಮೂವತ್ತೆಂಟು ವರ್ಷಗಳಿಂದ ಸೋದರಿ ಆರ್ಡಿತ್ ಅವರ ಹೆಸರಿನ ಮುಂದಿರುವ “ಗೈರು” ಎಂಬುದನ್ನು ಹೊಡೆದುಹಾಕಿ “ಹಾಜರು” ಎಂದು ತಿದ್ದಲಾಗಿದೆ. ಹೀಗೆ ತಿದ್ದುವುದಕ್ಕೆ ಕೈಪಿಡಿಯಲ್ಲಿ ಅವಕಾಶವಿಲ್ಲ.

೮. ಗುಪ್ತ ಹಾಡು ಬಲ್ಲವರೆಲ್ಲರೂ ಸದಸ್ಯೆಯರೇ ಆಗಿರಬೇಕಾದ್ದರಿಂದ ಸದರಿ ಹಸುಗಳನ್ನು ಗೌರವ ಸದಸ್ಯೆಯರೆಂದು ದಾಖಲಿಸಿಕೊಳ್ಳಲಾಗಿದೆ. ಇವರಿಗೆ ಮತದಾನದ ಹಕ್ಕು ಇರುವುದಿಲ್ಲ. ಹೋರಿಯು ಸದಸ್ಯತ್ವಕ್ಕೆ ಅರ್ಹನಲ್ಲ. ಹಾಡಿನ ವೇಳೆಯಲ್ಲಿ ಅವನನ್ನು ಕೊಟ್ಟಿಗೆಯ ಹಿಂಬದಿಯಲ್ಲಿ ಕಟ್ಟತಕ್ಕದ್ದು, ಕಟ್ಟಲು ಸಾಧ್ಯವಾದ ಪಕ್ಷದಲ್ಲಿ. ಹುಟ್ಟುವ ಗಂಡು ಕರುಗಳು ತಾಯಿಯ ಹಾಲು ಬಿಡುವವರೆಗೆ ಹಾಡು ಕೇಳಬಹುದು. ಹೆಣ್ಣು ಕರುಗಳು ಸದಸ್ಯೆಯರ ಮಕ್ಕಳಾದ್ದರಿಂದ ಅವುಗಳ ಪ್ರವೇಶಕ್ಕೆ ಆದ್ಯತೆ ಇದೆ. ಕಾಲೇಜಿಗೆ ಶಿಫಾರಸು ಪತ್ರ ಮಾತ್ರ ನೀಡಲಾಗದು.

೯. “ಯಾರೂ ಬರೋದು ಬೇಡ, ನಾನು ಯಾರನ್ನೂ ಕೇಳಿಲ್ಲ” ಎಂದು ಸೋದರಿ ಆರ್ಡಿತ್ ಮಾರ್ಚ್ ೩ ಮತ್ತು ೪ರಂದು ಮೌಖಿಕವಾಗಿ ಆಕ್ಷೇಪಿಸಿರುತ್ತಾರೆ. ಆಕ್ಷೇಪವನ್ನು ಲಿಖಿತವಾಗಿ ಬರೆದು, ಮೂವತ್ತೊಂದು ಸದಸ್ಯೆಯರ ಮನೆಗೂ ಸ್ವತಃ ಗಾಡಿ ಓಡಿಸಿಕೊಂಡು ಹೋಗಿ ತಲುಪಿಸಿದಲ್ಲಿ ಪರಿಶೀಲಿಸಲಾಗುವುದು. ಅತಿ ಹತ್ತಿರದ ಮನೆ ನಲವತ್ತು ಮೈಲಿ.

೧೦. ಸರದಿ ಪಟ್ಟಿಯನ್ನು ಲಗತ್ತಿಸಿದೆ. ದಿನಕ್ಕೆ ಇಬ್ಬರು. ಕರು ಎಳೆಯುವುದನ್ನು ಕಂಡರಿಯದವರು ಇಪ್ಪತ್ತೇಳು ಮಂದಿ ಇರುವುದರಿಂದ, ಸೋದರಿ ಆರ್ಡಿತ್ ಅವರು ಬಕೆಟ್ ಮಗುಚಿ ಹಾಕಿ ಅದರ ಮೇಲೆ ಕುಳಿತು ಬಾಯಲ್ಲಿ ಹೇಳಿಕೊಡತಕ್ಕದ್ದು. ಬಯ್ಯಲು ಅವರಿಗೆ ಪೂರ್ಣ ಅಧಿಕಾರವಿದೆ. ಸೋದರಿ ಲಾವಾನ್ ಅವರು ಅಕ್ಕನ ನೆಲೆಯಲ್ಲಿ ಏಪ್ರಿಲ್ ಕೊನೆಯವರೆಗೆ ಅಲ್ಲಿಯೇ ತಂಗುತ್ತಾರೆ. ಅವರ ಬಿಳಿ ಕೋಟು ಈಗ ಬಿಳಿಯಾಗಿ ಉಳಿದಿಲ್ಲ. ಈ ಬಗ್ಗೆ ಯಾರೂ ವಿಚಾರಿಸತಕ್ಕದ್ದಲ್ಲ.

೧೧. ಹರಾಜಿನ ಪಟ್ಟಿಯಿಂದ ಹೆಸರು ಹಿಂಪಡೆಯಲು ಮಾರ್ಚ್ ೧೨ ಕೊನೆಯ ದಿನ. ಹಸುಗಳು ಸೋದರಿ ಆರ್ಡಿತ್ ಅವರವು. ನಿರ್ಧಾರವೂ ಅವರದೇ, ಈ ವಿಷಯದಲ್ಲಿ ಸೂಚನೆ ನೀಡಲು ವಿಭಾಗಕ್ಕೆ ಅಧಿಕಾರವಿಲ್ಲ. ಹಿಂಪಡೆಯುವ ಅರ್ಜಿಯನ್ನು ಭರ್ತಿ ಮಾಡಿ ಅವರ ಮೇಜಿನ ಮೇಲೆ ಇರಿಸಲಾಗಿದೆ. ಅವರು ಸಹಿ ಮಾಡುವವರೆಗೆ ಅಥವಾ ಮಾಡದಿರುವವರೆಗೆ, ಹುಲ್ಲು ಹಾಕುವುದು ಮುಂದುವರಿಯತಕ್ಕದ್ದು.

ಸಹಿ/-
ಟ್ವೈಲಾ ಹ್ರುಸ್ಕಾ
ಕಾರ್ಯದರ್ಶಿ, ಆಜೀವ ನೆರವು ವಿಭಾಗ
(ಶುಕ್ರವಾರದ ಸರದಿ, ಹುಲ್ಲು ಮತ್ತು ನೀರು)

ಪ್ರತಿಗಳು:
೧. ಶಾಖೆಯ ಎಲ್ಲಾ ಸದಸ್ಯೆಯರಿಗೆ, ಬೂಟಿನ ಅಳತೆ ತಿಳಿಸುವ ಕೋರಿಕೆಯೊಂದಿಗೆ.
೨. ಗೌರವ ಸದಸ್ಯೆಯರಿಗೆ, ಬೇಲಿಯ ಹೊರಗಿನಿಂದ ಓದಿ ಹೇಳುವ ಮೂಲಕ.
೩. ರಾಷ್ಟ್ರೀಯ ಕೈಪಿಡಿ ಸಮಿತಿಗೆ, ಮುಂದಿನ ವರ್ಷದ ಜುಲೈಯಲ್ಲಿ ಕಳುಹಿಸುವುದು. ಅದಕ್ಕೂ ಮೊದಲು ಬೇಡ.
೪. ವ್ಯವಸ್ಥಾಪಕರು, ಜಾನುವಾರು ಹರಾಜು ಮಂಟಪ, ಇವರಿಗೆ, ಕ್ರಮ ಸಂಖ್ಯೆ ೧೪ನ್ನು ಕೈಬಿಡುವ ಸಲುವಾಗಿ. ಈ ಸುತ್ತೋಲೆ ಬೆರಳಚ್ಚಾಗುತ್ತಿರುವಾಗ ಬಂದು ತಲುಪಿದ ಮಾಲಕಿಯ ಅರ್ಜಿಯನ್ನು ಲಗತ್ತಿಸಿದೆ. ಸಹಿ ಎಡಗೈಯದ್ದು. ನಿಮ್ಮಲ್ಲಿರುವ ಮಾದರಿಗೆ ಹೊಂದುತ್ತಿಲ್ಲವೆಂಬ ಕಾರಣಕ್ಕೆ ಹಿಂತಿರುಗಿಸಬಾರದಾಗಿ ಕೋರಲಾಗಿದೆ.